ಹೊಸ ಲಿಪಿಕಾರ

ತರೀಕೆರೆಯ ಸಮೀಪದ ಅಮೃತಾಪುರಕ್ಕೆ ಹೋದ ರಸಿಕರು ಅಮೃತೇಶ್ವರನ ಗುಡಿಯನ್ನು ಸುತ್ತಿ, ಕಂಬಗಳ ನುಣುಪಿಗೆ ಬೆರಗಾಗಿ, ಕಡೆಗೆ ಅಲ್ಲಿಯ ಹಿರಿಯ ಶಿಲಾಶಾಸನದ ಮುಂದೆ ನಿಲ್ಲುವುದು ವಾಡಿಕೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕನು ೧೧೯೬ರಲ್ಲಿ ಕಟ್ಟಿಸಿದ ಗುಡಿ ಅದು. ಶಾಸನದ ಪದ್ಯಗಳು ಕವಿ ಜನ್ನನವು. ನೋಡಿದವರು ದೊರೆಯನ್ನು ನೆನೆಯುವರು, ದಂಡನಾಯಕನನ್ನು ಕೊಂಡಾಡುವರು, ಜನ್ನನ ಹೆಸರನ್ನು ಕೇಳಿ ಮನಸ್ಸಿನಲ್ಲಿಯೇ ಕೈಮುಗಿಯುವರು. ಆದರೆ ಕವಿಯ ಮಾತು ಎಂಟು ಶತಮಾನಗಳ ಅನಂತರವೂ ಓದಿಸಿಕೊಳ್ಳಬೇಕಾದರೆ, ಸಾಲು ಎಷ್ಟು ನೇರವಾಗಿರಬೇಕು, ಅಕ್ಷರಕ್ಕೆ ಎಷ್ಟು ಆಳ ಬೇಕು, ಕೆಳಗಿನ ಒತ್ತಿಗೆ ಎಷ್ಟು ತೆರಪು ಬಿಡಬೇಕು ಎಂಬುದನ್ನು ನಿರ್ಣಯಿಸಿದ ಕೈಯೊಂದು ಬೇಕಾಗಿದ್ದಿತು. ಆ ಕೈಯನ್ನು ನೆನೆಯುವವರು ಕಡಮೆ. ಓದು ಸುಗಮವಾದಷ್ಟೂ ಬರೆದವನು ಮರೆಯಾಗುವನು. ಇದು ಲಿಪಿಕಾರನ ವೃತ್ತಿಗೆ ಅಂಟಿಕೊಂಡೇ ಬಂದ ವಿಧಿ.

ಈ ಕಾಲದಲ್ಲಿ ಆ ಕೈಗೆಲಸಕ್ಕೆ ಉತ್ತರಾಧಿಕಾರಿಗಳಾಗಿ ಬಂದವರನ್ನು ಜಾಲತಾಣದ ವಿನ್ಯಾಸಕಾರರೆಂದು ಕರೆಯುವರು. ಮೊಬೈಲಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ತೆರೆಯುವ ಪುಟದ ಮೇಲೆ ಯಾವ ಮಾತು ಮೊದಲು ಕಾಣಬೇಕು, ಯಾವುದು ಅನಂತರ, ಅಕ್ಷರದ ಗಾತ್ರವೆಷ್ಟು, ಬಣ್ಣವಾವುದು, ಎಲ್ಲಿ ಒತ್ತಿದರೆ ಯಾವ ಬಾಗಿಲು ತೆರೆಯಬೇಕು ಎಂಬುದನ್ನು ಏರ್ಪಡಿಸುವುದು ಇವರ ಉದ್ಯೋಗ. ಈ ಜಾಲವೆಂಬುದು ಹುಟ್ಟಿದ್ದೂ ವಿದ್ವಜ್ಜನರ ನಡುವೆಯೇ. ಜಿನೀವಾ ನಗರದ ಬಳಿಯ ಸರ್ನ್ ಎಂಬ ವಿಜ್ಞಾನಸಂಸ್ಥೆಯಲ್ಲಿ ಟಿಮ್ ಬರ್ನರ್ಸ್ ಲೀ ಎಂಬವರು ೧೯೮೯ರಲ್ಲಿ, ದೂರದೂರದ ಸಂಶೋಧಕರು ಒಬ್ಬರ ಬರಹವನ್ನೊಬ್ಬರು ಓದುವಂತಾಗಲೆಂದು, ಇದನ್ನು ಕಲ್ಪಿಸಿದರು. ೧೯೯೩ರಲ್ಲಿ ಆ ಸಂಸ್ಥೆಯು ಇದನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ವಿದ್ಯಾದಾನವೆಂದು ಹಿರಿಯರು ಹೇಳುತ್ತಿದ್ದುದಕ್ಕೆ ಈಚಿನ ಕಾಲದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಸುಲಭವಾಗಿ ಸಿಕ್ಕಲಾರದು.

ತರೀಕೆರೆಯ ತರುಣನೊಬ್ಬನು ಇದೇ ವೃತ್ತಿಯವನು. ತಂದೆಗೆ ಸ್ವಲ್ಪ ಅಡಕೆಯ ತೋಟ. ತಾತನು ಗಮಕಿ, ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತವನ್ನು ಸಂಜೆಯ ಹೊತ್ತು ಜಗುಲಿಯ ಮೇಲೆ ಓದುತ್ತಿದ್ದವನು. ಷಟ್ಪದಿಯನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ಕಟ್ಟಿ ಮುಂದಕ್ಕೆ ಹೋಗಬೇಕು ಎಂಬುದನ್ನು ಮೊಮ್ಮಗನು ಕೇಳಿ ಕೇಳಿಯೇ ತಿಳಿದುಕೊಂಡನು. ಬೆಂಗಳೂರಿನಲ್ಲಿ ಕೆಲವು ವರ್ಷ ವ್ಯಾಪಾರದ ಕಂಪೆನಿಗಳಿಗೆ ಪುಟಗಳನ್ನು ಕಟ್ಟಿಕೊಟ್ಟು ಊರಿಗೆ ಹಿಂತಿರುಗಿದವನು, ಮನೆಯ ಮಾಳಿಗೆಯಲ್ಲಿ ಕುಳಿತೇ ಕೆಲಸ ಮಾಡುತ್ತಿರುವನು. ಈಚೆಗೆ ಹೊರಜಿಲ್ಲೆಯ ಒಂದು ವಿಶ್ವವಿದ್ಯಾನಿಲಯವು ತನ್ನ ಜಾಲತಾಣವನ್ನು ಹೊಸದಾಗಿ ರೂಪಿಸಿಕೊಡಬೇಕೆಂದು ಇವನನ್ನು ಕರೆಯಿತು. ಅದರ ಹೆಸರು ಇಲ್ಲಿ ಬೇಕಾಗಿಲ್ಲ; ಅಲ್ಲಿ ನಡೆದದ್ದು ಎಲ್ಲಿಯಾದರೂ ನಡೆಯತಕ್ಕದ್ದೇ.

ಮೊದಲ ಸಭೆಯಲ್ಲಿ ಅಧಿಕಾರಿಗಳು ತಮ್ಮ ಅಪೇಕ್ಷೆಗಳನ್ನು ತಿಳಿಸಿದರು. ಮುಖಪುಟದಲ್ಲಿ ಸಮಾರಂಭಗಳ ಚಿತ್ರಗಳು ಒಂದಾದಮೇಲೊಂದು ಸರಿಯುತ್ತಿರಬೇಕು. ಕುಲಪತಿಗಳ ಸಂದೇಶ ಎದ್ದು ಕಾಣಬೇಕು. ಪ್ರಕಟಣೆಗಳು ಪುಟದ ಮೇಲುಗಡೆಯಲ್ಲಿ ಓಡುತ್ತಿರಬೇಕು. ಎಲ್ಲವೂ ಇಂಗ್ಲಿಷಿನಲ್ಲಿರಬೇಕು, ಏಕೆಂದರೆ ಹೊರದೇಶದವರು ನೋಡಿದರೆ ಸಂಸ್ಥೆಯ ಘನತೆ ತಿಳಿಯಬೇಕು. ತರುಣನು ಎಲ್ಲವನ್ನೂ ಬರೆದುಕೊಂಡು, ಒಂದೇ ಒಂದು ಪ್ರಶ್ನೆ ಕೇಳಿದನು: "ಒಳಗಿನ ದೇಶದವರು ನೋಡಿದರೆ?" ಸಭೆಯಲ್ಲಿ ಕೆಲವರು ನಕ್ಕರು. ಒಬ್ಬ ಹಿರಿಯ ಅಧ್ಯಾಪಕರು ಮಾತ್ರ ನಗಲಿಲ್ಲ. ಕೆಲಸಕ್ಕೆ ತೊಡಗುವ ಮುನ್ನ ಒಂದು ತಿಂಗಳ ಅವಕಾಶ ಬೇಕೆಂಬ ಅವನ ಬೇಡಿಕೆಗೆ ಒಪ್ಪಿಗೆ ದೊರೆತದ್ದು ಅವರಿಂದಲೇ.

ಆ ತಿಂಗಳನ್ನು ಅವನು ತನ್ನ ಸೀಮೆಯಲ್ಲಿಯೇ ಕಳೆದನು. ೧೯೪೭ರವರೆಗೆ ಇಡೀ ಜಿಲ್ಲೆಗೆ ತನ್ನ ಹೆಸರನ್ನು ಕೊಟ್ಟಿದ್ದ ಕಡೂರು, ಪಕ್ಕದ ತರೀಕೆರೆ, ಅದರಿಂದ ಬೇರೆಯಾಗಿ ಈಚೆಗೆ ತಾನೂ ಒಂದು ತಾಲ್ಲೂಕಾಗಿರುವ ಅಜ್ಜಂಪುರ, ಈ ಮೂರೂ ಊರುಗಳ ಮಕ್ಕಳು ಪದವಿಗಾಗಿ ಸಾಮಾನ್ಯವಾಗಿ ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಓದುವರು. ಮುಂದಿನ ವ್ಯಾಸಂಗಕ್ಕೆ ಕೆಲವರು ಬೇರೆ ಕಡೆಗಳಿಗೂ ಅರ್ಜಿ ಹಾಕುವರು. ಹಿಂದೆ ಅರ್ಜಿಯೆಂದರೆ ಒಂದು ಕಾಗದ. ಅದನ್ನು ತುಂಬಿ ಗುಮಾಸ್ತರ ಕೈಗೆ ಕೊಟ್ಟರೆ ಮುಗಿಯಿತು, ತಪ್ಪಿದ್ದರೆ ಗುಮಾಸ್ತರೇ ಬೆರಳಿಟ್ಟು ತೋರಿಸುವರು. ಈಗ ಪ್ರವೇಶ, ಶುಲ್ಕ, ಪರೀಕ್ಷೆ, ಅಂಕಪಟ್ಟಿ ಎಲ್ಲಕ್ಕೂ ಜಾಲದ ಪುಟವೇ ದಾರಿ. ದಾರಿ ಒಂದೇ ಆದಮೇಲೆ ಅದು ಕುರುಡು ಕುಂಟರಿಗೂ ಸಾಗುವಂತಿರಬೇಕು ಎಂಬುದು ಊರಿನಲ್ಲಿ ರಸ್ತೆ ಹಾಕಿಸುವವರೂ ಬಲ್ಲ ನ್ಯಾಯ.

ಕಡೂರಿನ ಬಸ್ ನಿಲ್ದಾಣದ ಬಳಿ ಜೆರಾಕ್ಸ್ ಅಂಗಡಿಯೊಂದಿರುವುದು. ವಿದ್ಯಾರ್ಥಿಗಳು ಅರ್ಜಿ ತುಂಬಿಸಲು ಬರುವುದು ಅಲ್ಲಿಗೆ. ತರುಣನು ಮಾಲಿಕನ ಒಪ್ಪಿಗೆ ಪಡೆದು ಎಂಟು ದಿನ ಒಂದು ಸ್ಟೂಲಿನ ಮೇಲೆ ಕುಳಿತು, ಬಂದವರು ಏನನ್ನು ಕೇಳುವರೆಂಬುದನ್ನು ಬರೆದುಕೊಂಡನು. ಪ್ರಶ್ನೆಗಳು ಬಗೆಬಗೆಯಾಗಿ ತೋರಿದರೂ ವಿಂಗಡಿಸಿದಾಗ ಉಳಿದವು ಮೂರೇ: ಫಲಿತಾಂಶ ಬಂದಿದೆಯೇ, ಕಡೆಯ ದಿನ ಯಾವುದು, ಹಣ ಎಷ್ಟು. ಕುಲಪತಿಗಳ ಸಂದೇಶವನ್ನು ಓದಬೇಕೆಂದು ಎಂಟು ದಿನದಲ್ಲಿ ಒಬ್ಬನೂ ಬರಲಿಲ್ಲ. ಅಂಗಡಿಯ ಗೋಡೆಯ ಮೇಲೆ ಮಾಲಿಕನು ತನ್ನ ಕೈಯಿಂದ ಬರೆದು ಅಂಟಿಸಿದ ಒಂದು ಹಾಳೆ ಇದ್ದಿತು. ಏನೇನು ಪತ್ರಗಳನ್ನು ತರಬೇಕು, ಭಾವಚಿತ್ರ ಎಷ್ಟು ದೊಡ್ಡದಿರಬೇಕು, ಹಣ ಕಟ್ಟಿದಮೇಲೆ ಯಾವ ರಸೀದಿಯನ್ನು ಇಟ್ಟುಕೊಳ್ಳಬೇಕು ಎಂಬುದು ಅದರಲ್ಲಿ ಒಂದರ ಕೆಳಗೊಂದರಂತೆ ತಿಳಿಗನ್ನಡದಲ್ಲಿ ಇದ್ದಿತು. ಅಷ್ಟು ಖರ್ಚುಮಾಡಿ ನಡೆಸುತ್ತಿದ್ದ ಜಾಲತಾಣವು ಹೇಳಲಾರದೆ ಹೋದುದನ್ನು ಆ ಒಂದು ಹಾಳೆ ಹೇಳುತ್ತಿದ್ದಿತು. ತರುಣನು ಅದನ್ನು ಅಕ್ಷರಶಃ ನಕಲು ಮಾಡಿಕೊಂಡನು. ಅವನ ಮುಖಪುಟದ ಮೊದಲ ಕರಡು ಅದೇ.

ಅಜ್ಜಂಪುರದ ಕಡೆಯ ಒಂದು ಹಳ್ಳಿಯಲ್ಲಿ ಅವನಿಗೆ ದೊರೆತ ಪಾಠ ಇದಕ್ಕಿಂತ ಕಠಿನವಾದದ್ದು. ಈರುಳ್ಳಿ ಬೆಳೆಯುವ ಬಡ ಸಂಸಾರ, ತಂದೆಯಿಲ್ಲ. ಮಗಳು ಬಿ.ಎ. ತೇರ್ಗಡೆಯಾಗಿ ಕನ್ನಡ ಎಂ.ಎ. ಓದಬೇಕೆಂದು ಆಸೆಪಟ್ಟವಳು. ಹಿಂದಿನ ವರ್ಷ ಅವಳು ಅಣ್ಣನ ಮೊಬೈಲಿನಲ್ಲಿ ಇದೇ ವಿಶ್ವವಿದ್ಯಾನಿಲಯದ ಪುಟವನ್ನು ತೆರೆದು, ಕನ್ನಡವೆಂಬ ಗುಂಡಿಯನ್ನು ಒತ್ತಿದ್ದಳು. ಯಂತ್ರವೇ ಮಾಡಿದ ಭಾಷಾಂತರ ತೆರೆಯಿತು. ಅರ್ಜಿ ಸಲ್ಲಿಸಿ ಎಂದಿರಬೇಕಾದ ಕಡೆ "ಅನ್ವಯಿಸು" ಎಂದಿದ್ದಿತು. ಮುಖಪುಟ ಎಂದಿರಬೇಕಾದ ಕಡೆ "ಮನೆ" ಎಂದಿದ್ದಿತು. ಯಾವುದನ್ನು ಯಾವುದಕ್ಕೆ ಅನ್ವಯಿಸಬೇಕೆಂದು ತಿಳಿಯದೆ ಅವಳು ಪ್ರಕಟಣೆಯನ್ನು ಹುಡುಕಿದಳು. ಅದು ರುಜುವೂ ಮೊಹರೂ ಇದ್ದ ಕಾಗದವೊಂದರ ಓರೆಯಾದ ಪಡಿಯಚ್ಚು. ಹಳ್ಳಿಯ ಸಂಪರ್ಕದಲ್ಲಿ ಅದು ಅರ್ಧ ತೆರೆದು ನಿಂತುಹೋಯಿತು. ಕಡೆಯ ದಿನಾಂಕ ಇದ್ದದ್ದು ತೆರೆಯದ ಅರ್ಧದಲ್ಲಿ. ಅವಳು ಕಡೂರಿಗೆ ಹೋಗಿ ವಿಚಾರಿಸುವಷ್ಟರಲ್ಲಿ ಎರಡು ದಿನ ಕಳೆದಿದ್ದವು. ಎರಡು ದಿನಕ್ಕೆ ಒಂದು ವರ್ಷ ಹೋಯಿತು. ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ವರ್ಷ ಹೋಯಿತೆಂದರೆ ಓದೇ ಹೋಯಿತೆಂದು ಅರ್ಥವಾಗುವ ಮನೆಗಳು ಇನ್ನೂ ಉಂಟು. ತರುಣನಿಗೆ ಚಹಾ ಕೊಡುತ್ತ ತಾಯಿಯು ಹೇಳಿದ ಮಾತು ಇಷ್ಟೆ: "ಕಾಗದ ಬಂದಿದ್ರೆ ಪೋಸ್ಟ್‌ಮ್ಯಾನ್ ಓದಿ ಹೇಳೋನು. ಇದರೊಳಗೆ ಬಂದದ್ದನ್ನ ಯಾರು ಓದಿ ಹೇಳ್ಬೇಕಪ್ಪಾ?"

ಈ ಮಾತಿನ ಹಿಂದೆ ಅಕ್ಷರಶಾಸ್ತ್ರದ ಒಂದು ತತ್ತ್ವವಿದೆ. ಪುಟದ ಮೇಲೆ ಕಾಣುವುದೆಲ್ಲ ಬರಹವಲ್ಲ. ಕಾಗದದ ಪಡಿಯಚ್ಚನ್ನು ಮನುಷ್ಯನು ಬರಹವೆಂದು ಓದಬಹುದು. ಯಂತ್ರಕ್ಕೆ ಅದು ಮಸಿಯ ಕಲೆಗಳುಳ್ಳ ಒಂದು ಚಿತ್ರ ಮಾತ್ರ. ಅದರೊಳಗಿನ ಮಾತನ್ನು ಹುಡುಕಿಕೊಡುವುದೂ ಓದಿ ಹೇಳುವುದೂ ಯಂತ್ರಕ್ಕೆ ಸುಲಭವಲ್ಲ. ತೂಕದಲ್ಲಿಯೂ ಭೇದವುಂಟು. ಯೂನಿಕೋಡ್ ಎಂಬ ಲೋಕವ್ಯಾಪಿಯಾದ ಅಕ್ಷರಸಂಕೇತದಲ್ಲಿ ಕನ್ನಡದ ಒಂದೊಂದು ಸಂಕೇತವೂ ಜಾಲದಲ್ಲಿ ಸಾಗುವಾಗ ಸಾಮಾನ್ಯವಾಗಿ ೩ ಬೈಟುಗಳಷ್ಟು ಸ್ಥಳವನ್ನು ಹಿಡಿಯುವುದು. ೨,೦೦೦ ಸಂಕೇತಗಳ ಒಂದು ಪ್ರಕಟಣೆಗೆ ೬,೦೦೦ ಬೈಟು ಸಾಕು. ಅದೇ ಪ್ರಕಟಣೆಯ ಪಡಿಯಚ್ಚಿಗೆ ಹಲವು ಲಕ್ಷ ಬೈಟು ಬೇಕಾಗುವುದು ಸಾಮಾನ್ಯ. ಒಂದು ಚೀಟಿಯಲ್ಲಿ ಹೋಗಬೇಕಾದ ಸುದ್ದಿಯನ್ನು ಗಾಡಿಯ ಮೇಲೆ ಹೇರಿದಂತೆ. ರಸ್ತೆ ಕಿರಿದಾದ ಹಳ್ಳಿಯಲ್ಲಿ ಗಾಡಿ ಹೂತುಕೊಳ್ಳುವುದು.

ಇದಕ್ಕಿಂತ ಸೂಕ್ಷ್ಮವಾದ ವಿಚಾರ ಇನ್ನೊಂದುಂಟು. ವರ್ಣವು ಕಿವಿಗೆ ಸಂಬಂಧಪಟ್ಟದ್ದು, ಲಿಪಿಯು ಕಣ್ಣಿಗೆ ಸಂಬಂಧಪಟ್ಟದ್ದು ಎಂಬ ವಿವೇಕವು ಶಿಕ್ಷಾಶಾಸ್ತ್ರವನ್ನು ಓದಿದವರಿಗೆಲ್ಲ ತಿಳಿದಿರುವುದು. ಅರ್ಕ ಎಂಬ ಶಬ್ದವನ್ನು ಕನ್ನಡದಲ್ಲಿ ಬರೆಯುವಾಗ ರೇಫವು ಕಕಾರದ ಬಲಗಡೆಗೆ ಬರುವುದು. ಉಚ್ಚರಿಸುವಾಗ ಮಾತ್ರ ಅದು ಮೊದಲು. ಕಂಪ್ಯೂಟರಿಗೆ ಕನ್ನಡ ಬಂದ ಮೊದಲ ದಿನಗಳಲ್ಲಿ ಬರಹವನ್ನು ಕಣ್ಣಿಗೆ ಕಂಡಂತೆ ಕೂಡಿಡುವ ಪದ್ಧತಿ ಇದ್ದಿತು: ತಲೆಕಟ್ಟು, ಕೊಂಬು, ಒತ್ತು ಇವುಗಳ ತುಣುಕುಗಳನ್ನು ಇಂಗ್ಲಿಷಿನ ಅಕ್ಷರಗಳಿಗಾಗಿ ಮೀಸಲಾದ ಮನೆಗಳಲ್ಲಿ ತುಂಬುತ್ತಿದ್ದರು. ಆಯಾ ಅಚ್ಚಿನ ಮೊಳೆ ಯಂತ್ರದಲ್ಲಿದ್ದರೆ ಅದು ಕನ್ನಡವಾಗಿ ತೋರುವುದು. ಇಲ್ಲದಿದ್ದರೆ ಅರ್ಥವಿಲ್ಲದ ಪರಕೀಯ ಅಕ್ಷರಗಳ ರಾಶಿ. ಯೂನಿಕೋಡಿನ ಕ್ರಮ ಬೇರೆ. ೧೯೯೧ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಮನೆಗಳ ಒಂದು ಕೇರಿ ದೊರೆಯಿತು. ಭಾರತದ ಇಸ್ಕಿ ಎಂಬ ಸಂಕೇತಕ್ರಮವನ್ನು ಅನುಸರಿಸಿ ಅಲ್ಲಿ ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಕೂಡಿಡುವರು. ಅರ್ಕದಲ್ಲಿ ರೇಫವೇ ಮೊದಲು. ಅದನ್ನು ಬಲಗಡೆಗೆ ಕೂರಿಸುವುದು ಅಚ್ಚಿನ ಮೊಳೆಯ ಕೆಲಸ. ಸ್ತ್ರೀ ಎಂಬ ಒಂದು ಅಕ್ಷರವು ಯಂತ್ರದೊಳಗೆ ಸಕಾರ, ಹಲಂತಚಿಹ್ನೆ, ತಕಾರ, ಹಲಂತಚಿಹ್ನೆ, ರೇಫ, ದೀರ್ಘ ಈಕಾರ ಎಂದು ಆರು ಸಂಕೇತಗಳಾಗಿ, ಬಾಯಲ್ಲಿ ಬರುವ ಅನುಕ್ರಮದಲ್ಲಿಯೇ ನಿಂತಿರುವುದು. ಪ್ರಾಚೀನರು ಧ್ವನಿಯನ್ನು ಬಿಡಿಸಿದ ರೀತಿಯನ್ನೇ ಆಧುನಿಕರು ಯಂತ್ರಕ್ಕೆ ಕಲಿಸಿದರೆಂದರೆ ಉತ್ಪ್ರೇಕ್ಷೆಯಾಗದು.

ಇದರಿಂದಾದ ಪ್ರಯೋಜನ ಅಲ್ಪವಲ್ಲ. ಮಾತಾಗಿ ಕೂಡಿಟ್ಟದ್ದನ್ನು ಮಾತಾಗಿ ಹಿಂದಕ್ಕೆ ಪಡೆಯಬಹುದು. ಕಡೂರಿನ ಅಂಗಡಿಗೆ ತಮ್ಮನ ಕೈಹಿಡಿದು ಬರುತ್ತಿದ್ದ, ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬನು ಪುಟಗಳನ್ನು ಕಿವಿಯಿಂದ ಓದುವವನು. ಎನ್‌ವಿಡಿಎ ಎಂಬ ತಂತ್ರಾಂಶವನ್ನು ದೃಷ್ಟಿಯಿಲ್ಲದ ಇಬ್ಬರು ಆಸ್ಟ್ರೇಲಿಯದವರು ೨೦೦೬ರಲ್ಲಿ ತೊಡಗಿ ಸಿದ್ಧಪಡಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟಿರುವರು. ಅದು ಕನ್ನಡವನ್ನೂ ಉಚ್ಚರಿಸಬಲ್ಲುದು. ಆದರೆ ಅದು ಉಚ್ಚರಿಸುವುದು ಬರಹವನ್ನು, ಚಿತ್ರವನ್ನಲ್ಲ. ಹಳೆಯ ಪುಟದ ಮುಂದೆ ಆ ಹುಡುಗನು ಕುಳಿತರೆ ಪ್ರಕಟಣೆಗಳ ಜಾಗದಲ್ಲಿ ಯಂತ್ರವು "ಚಿತ್ರ, ಚಿತ್ರ, ಚಿತ್ರ" ಎಂದು ಜಪಿಸುತ್ತಿದ್ದಿತಂತೆ. ಅಂಗವಿಕಲರ ಹಕ್ಕುಗಳನ್ನು ಕುರಿತ ೨೦೧೬ರ ಶಾಸನವು ಇಂಥವರಿಗೆ ಮಾಹಿತಿಯು ನಿಲುಕುವಂತಿರಬೇಕೆಂದು ವಿಧಿಸಿರುವುದು. ಶಾಸನವಿಲ್ಲದಿದ್ದರೂ, ವಿದ್ಯಾಲಯದ ಬಾಗಿಲಲ್ಲಿ ಒಬ್ಬನನ್ನು ಹೀಗೆ ನಿಲ್ಲಿಸುವುದು ಧರ್ಮವಲ್ಲ.

ತರುಣನ ಕೆಲಸದ ತಿರುಳು ಈ ಎರಡು ಊರುಗಳ ಪಾಠದಲ್ಲಿಯೇ ಅಡಗಿದ್ದಿತು. ತೆರೆದೊಡನೆ ಕನ್ನಡ, ಒಂದು ಗುಂಡಿಯನ್ನು ಒತ್ತಿದರೆ ಇಂಗ್ಲಿಷು. ಮೇಲೆ ಮೂರು ಪ್ರಶ್ನೆಗಳಿಗೆ ಮೂರು ಬಾಗಿಲು. ಕಡೆಯ ದಿನಾಂಕ ದಪ್ಪಕ್ಷರದಲ್ಲಿ. ಯಂತ್ರದ ಭಾಷಾಂತರವನ್ನು ತೆಗೆದು ಪ್ರತಿಯೊಂದು ಮಾತನ್ನೂ ಕನ್ನಡ ಬಲ್ಲವರಿಂದ ಬರೆಸಿದನು. ಇಂಗ್ಲಿಷಿಗೆ ಅಳೆದ ಸಾಲುಗಳ ನಡುವಣ ತೆರಪು ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲಿ, ಶಾಸ್ತ್ರ ಎಂಬುದರ ಒತ್ತುಗಳು ಅರ್ಧ ಕತ್ತರಿಸಿ ಹೋಗುವುದೂ ಉಂಟು. ಅವನು ಸಾಲುಗಳನ್ನು ದೂರ ಮಾಡಿದನು. ಅಕ್ಷರಕ್ಕೂ ಹಿನ್ನೆಲೆಗೂ ಕಾಂತಿಯಲ್ಲಿ ಕನಿಷ್ಠಪಕ್ಷ ೪.೫ಕ್ಕೆ ೧ರಷ್ಟಾದರೂ ಅಂತರವಿರಬೇಕೆಂಬ ಅಂತರರಾಷ್ಟ್ರೀಯ ನಿಯಮವನ್ನು ಪಾಲಿಸಿ, ಅಧಿಕಾರಿಗಳು ಮೆಚ್ಚಿದ್ದ ತಿಳಿಹಳದಿಯ ಅಕ್ಷರಗಳನ್ನು ಬಿಟ್ಟನು. ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಿಂತು ಓದುವವರಿಗೆ ತಿಳಿಹಳದಿ ಕಾಣದು.

ಪ್ರಕಟಣೆಗಳ ವಿಷಯದಲ್ಲಿ ಕಚೇರಿಯು ಸುಲಭವಾಗಿ ಒಪ್ಪಲಿಲ್ಲ. ರುಜು ಮೊಹರುಗಳಿಲ್ಲದ ಬರಹಕ್ಕೆ ಪ್ರಾಮಾಣ್ಯವೆಲ್ಲಿಯದು ಎಂಬುದು ಅವರ ವಾದ. ಅದನ್ನು ತೀರ ಹಗುರಾದದ್ದೆಂದು ತಳ್ಳಿಹಾಕುವಂತಿಲ್ಲ. ತಾಮ್ರಪಟಕ್ಕೂ ಮುದ್ರೆಯಿದ್ದಿತು. ತರುಣನು ಜಗಳವಾಡದೆ ಎರಡನ್ನೂ ಇಡೋಣವೆಂದನು: ಮೇಲೆ ಬೆರಳಚ್ಚು ಮಾಡಿದ ಬರಹ, ಕೆಳಗೆ ಬೇಕಾದವರಿಗೆ ಮೊಹರಿನ ಪಡಿಯಚ್ಚು. ಹಾಗಾದರೆ ಪ್ರತಿಯೊಂದನ್ನೂ ಯೂನಿಕೋಡಿನಲ್ಲಿ ಬೆರಳಚ್ಚು ಮಾಡುವವರು ಯಾರು?

ಆ ಭಾರ ಬಿದ್ದದ್ದು, ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಬೆರಳಚ್ಚುಗಾರರೊಬ್ಬರ ಮೇಲೆ. ಕನ್ನಡದ ಟೈಪ್‌ರೈಟರಿನಲ್ಲಿ ಉದ್ಯೋಗಕ್ಕೆ ತೊಡಗಿ, ಕಂಪ್ಯೂಟರು ಬಂದಾಗ ನುಡಿ ತಂತ್ರಾಂಶದ ಹಳೆಯ ಪದ್ಧತಿಗೆ ಕೈ ಹೊಂದಿಸಿಕೊಂಡಿದ್ದವರು ಅವರು. ಮತ್ತೆ ಹೊಸದಾಗಿ ಕಲಿಯಬೇಕೆಂದಾಗ ಅವರಿಗೆ ಬೇಸರ ಬಂದುದು ಸಹಜ. "ಇನ್ನೊಂದು ವರ್ಷಕ್ಕೆ ಇದೆಲ್ಲ ಯಾಕಪ್ಪಾ?" ಎಂದರಂತೆ. ತರುಣನು ಅವರ ಪಕ್ಕದಲ್ಲಿ ಕುಳಿತು ಒಂದೇ ಸಂಗತಿಯನ್ನು ತೋರಿಸಿದನು: ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಗಳ ವಿನ್ಯಾಸ ಮೊದಲಿದ್ದಂತೆಯೇ ಇದೆ. ಬೆರಳು ಹೊಸದೇನನ್ನೂ ಕಲಿಯಬೇಕಾಗಿಲ್ಲ. ಬದಲಾದುದು ಒಳಗೆ ಕೂಡಿಡುವ ರೀತಿ. ಬಳಿಕ ಅಜ್ಜಂಪುರದ ಹುಡುಗಿಯ ಎರಡು ದಿನದ ಕಥೆಯನ್ನು ಹೇಳಿದನು. ಹಿರಿಯರು ಸುಮ್ಮನೆ ಕೇಳಿ, ಕನ್ನಡಕವನ್ನು ಒರಸಿಕೊಂಡು, ಆ ದಿನದ ಪ್ರಕಟಣೆಯನ್ನು ಎಳೆದುಕೊಂಡರು. ಆ ವರ್ಷವೆಲ್ಲ ಒಂದು ಪ್ರಕಟಣೆಯೂ ತಪ್ಪಲಿಲ್ಲ. ಬಿಡುವಿನ ಹೊತ್ತಿನಲ್ಲಿ, ಯಾರೂ ಹೇಳದೆಯೇ, ಹಳೆಯ ಪದ್ಧತಿಯಲ್ಲಿ ಸಿಕ್ಕಿಬಿದ್ದಿದ್ದ ಪಠ್ಯಕ್ರಮಗಳನ್ನೂ ಅವರು ಒಂದೊಂದಾಗಿ ಹೊಸದಕ್ಕೆ ಪರಿವರ್ತಿಸಿ, ತಪ್ಪು ತಿದ್ದಿ ಇಟ್ಟರು.

ಎಲ್ಲವೂ ತರುಣನ ಇಷ್ಟದಂತೆ ನಡೆಯಿತೆಂದು ಹೇಳುವುದು ಸತ್ಯಕ್ಕೆ ದೂರ. ಸರಿಯುವ ಚಿತ್ರಗಳು ಉಳಿದವು. ಸ್ವಲ್ಪ ಕೆಳಗೆ ಇಳಿದವು, ಅಷ್ಟೆ. ಸಂದೇಶವೂ ಉಳಿಯಿತು. ಹಣವು ತಡವಾಗಿ ಬಂದಿತು. ಪುಟದ ಅಡಿಯಲ್ಲಿ ವಿನ್ಯಾಸಕಾರನ ಹೆಸರಿಲ್ಲ. ಅವನು ಕೇಳಲೂ ಇಲ್ಲ. ಆದರೆ ಮರುವರ್ಷ ಪ್ರವೇಶದ ಪ್ರಕಟಣೆ ಹೊರಟಾಗ ಅಜ್ಜಂಪುರದ ಹುಡುಗಿಯು ಅದನ್ನು ಅಣ್ಣನ ಮೊಬೈಲಿನಲ್ಲಿಯೇ ಪೂರ್ತಿಯಾಗಿ ಓದಿ, ಯಾರ ಸಹಾಯವೂ ಇಲ್ಲದೆ ಅರ್ಜಿ ಸಲ್ಲಿಸಿದಳು. ಅವಳು ಈಗ ಅಲ್ಲಿ ಓದುತ್ತಿರುವಳು. ಅವಳಂತೆ ಹಿಂದೆ ದಿನ ತಪ್ಪಿಸಿಕೊಂಡು ಮತ್ತೆ ಬಾರದೆ ಹೋದವರ ಲೆಕ್ಕವನ್ನು ಯಾವ ಕಚೇರಿಯೂ ಇಡುವುದಿಲ್ಲ.

ವಿಶ್ವವಿದ್ಯಾನಿಲಯವೂ ಜನರೂ ಭೇಟಿಯಾಗಬೇಕೆಂಬ ಆಸೆ ಈ ನಾಡಿಗೆ ಹೊಸತಲ್ಲ. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ೧೯೩೦ರ ದಶಕದಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಮಾತನಾಡಿಸಿತು. ಬಂಡಿಯಲ್ಲಿಯೋ ಬಸ್ಸಿನಲ್ಲಿಯೋ ಬಂದ ಪಂಡಿತನು ಹಳ್ಳಿಯ ಜನರ ಎದುರಿಗೆ ನಿಂತಾಗ ಅವರಿಗೆ ತಿಳಿಯುವ ಮಾತನ್ನೇ ಆಡಬೇಕಾಗಿದ್ದಿತು. ತಿಳಿಯದಿದ್ದರೆ ಅವರ ಮುಖವೇ ಹೇಳುತ್ತಿದ್ದಿತು. ಜಾಲದ ಪುಟಕ್ಕೆ ಎದುರಿನ ಮುಖ ಕಾಣದು. ಆ ಮುಖವನ್ನು ಹುಡುಕಿಕೊಂಡು ಹೋಗಿ, ನೋಡಿ ಬಂದು, ಅನಂತರ ಪುಟ ಕಟ್ಟುವುದೇ ಹೊಸ ಲಿಪಿಕಾರನ ಧರ್ಮ, ಉಳಿದುದು ಕೈಚಳಕ.

ಇನ್ನು ಬಾಳಿಕೆಯ ಮಾತು. ಕಡೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಕಲ್ಲು ಮುಕ್ಕಾದರೂ ಮಾತು ಹಾಳೆಯಲ್ಲಿ ಉಳಿಯಿತು. ಜಾಲದ ಪುಟಕ್ಕೆ ಕಲ್ಲಿನ ಆಯುಸ್ಸೂ ಇಲ್ಲ, ಹಾಳೆಯ ಆಯುಸ್ಸೂ ಇಲ್ಲ. ಇನ್ನಾರೋ ಅಧಿಕಾರಿ ಬಂದು ಇನ್ನಾವುದೋ ಬಣ್ಣ ಬೇಕೆಂದರೆ ಒಂದೇ ದಿನದಲ್ಲಿ ಮಾಯವಾಗುವುದು. ೧೯೯೬ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯು ಲೋಕದ ಪುಟಗಳ ಪ್ರತಿಗಳನ್ನು ಸಂಗ್ರಹಿಸಿಡುತ್ತಿರುವುದು ನಿಜ. ಆದರೆ ಪ್ರತಿ ಉಳಿಯುವುದು ಬೇರೆ, ಪದ್ಧತಿ ಉಳಿಯುವುದು ಬೇರೆ. ಬೆರಳಚ್ಚುಗಾರರು ಈಗ ನಿವೃತ್ತರಾಗಿರುವರು. ಅವರ ಕುರ್ಚಿಗೆ ಇನ್ನೂ ಯಾರೂ ಬಂದಿಲ್ಲ. ಪುಟದ ಮೇಲೆ ಈಚಿನ ಎರಡು ಪ್ರಕಟಣೆಗಳು ಮತ್ತೆ ಪಡಿಯಚ್ಚಾಗಿಯೇ ಕಾಣಿಸಿಕೊಂಡಿರುವುವು. ತರುಣನು ಅದನ್ನು ನೋಡಿ ಕಚೇರಿಗೆ ಒಂದು ಪತ್ರ ಬರೆದನು. ಉತ್ತರ ಬಾರದಿದ್ದಾಗ, ಆ ಎರಡನ್ನೂ ತಾನೇ ತರೀಕೆರೆಯ ಮಾಳಿಗೆಯಲ್ಲಿ ಕುಳಿತು ಬೆರಳಚ್ಚು ಮಾಡಿ ಕಳುಹಿಸಿಕೊಟ್ಟನು. ಮೂರನೆಯದು ಮುಂದಿನ ವಾರ ಬರಬೇಕಾಗಿದೆ.